ಕಾಲೇಜು ಫೀಸು, ಸಾಲ, ವಿದ್ಯಾರ್ಥಿವೇತನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳಿಗೆ ಸಿಇಟಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ಶಿಕ್ಷಣ ಸಾಲ, ಬಡ್ಡಿ ಶೇ 10. ಓದು ಮುಗಿದು ಒಂದು ವರ್ಷದವರೆಗೆ ಏನೂ ಕಟ್ಟಬೇಕಿಲ್ಲವಂತೆ. ಹಾಗೇ ಬಿಡಬಹುದೇ?
– ಒಬ್ಬ ತಾಯಿ, ಹಾವೇರಿ

ಬಿಡಬಹುದು, ಆದರೆ ದುಬಾರಿಯಾಗುತ್ತದೆ. ಕಂತಿಗೆ ರಜೆ ಇದೆಯೇ ಹೊರತು ಬಡ್ಡಿಗಲ್ಲ. ಹಣ ಕಾಲೇಜಿಗೆ ಹೋದ ದಿನದಿಂದಲೇ ಅದು ಓಡುತ್ತದೆ. ಈ ಅವಧಿಯಲ್ಲಿ ಸರಳ ಬಡ್ಡಿ. ಮೊದಲ ಲಕ್ಷಕ್ಕೆ 5 ವರ್ಷಕ್ಕೆ 50,000, ಎರಡನೆಯದಕ್ಕೆ 40,000, ಆಮೇಲೆ 30,000, 20,000. ಒಟ್ಟು 1.4 ಲಕ್ಷ. ಅದು ಅಸಲಿಗೆ ಸೇರಿ ಸಾಲ 5.4 ಲಕ್ಷವಾಗುತ್ತದೆ. 10 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 7,140 ರೂಪಾಯಿ. ಓದುವಾಗಲೇ ಬಡ್ಡಿ ತೀರಿಸಿದ್ದರೆ ಕಂತು 5,290ರ ಆಸುಪಾಸು. ಮೊದಲ ವರ್ಷ ಬಡ್ಡಿ ತಿಂಗಳಿಗೆ 830ರಷ್ಟೇ. ನಾಲ್ಕನೇ ವರ್ಷದ ಹೊತ್ತಿಗೆ 3,330 ಮುಟ್ಟುತ್ತದೆ. ಅಷ್ಟು ಹೊಂದಿಸಲಾಗದಿದ್ದರೆ ಮೊದಲೆರಡು ವರ್ಷದ್ದಾದರೂ ಕಟ್ಟಿ. ಹೀಗೆ ಕಟ್ಟುವವರಿಗೆ ಹಲವು ಬ್ಯಾಂಕುಗಳು ಬಡ್ಡಿಯಲ್ಲಿ ಶೇ 1 ರಿಯಾಯಿತಿ ಕೊಡುತ್ತವೆ. ಕೇಳದೆ ಯಾರೂ ಹೇಳುವುದಿಲ್ಲ.

ಅದಕ್ಕೂ ಮೊದಲು ಒಂದು ವಿಚಾರ ನೋಡಿ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ಕಾಲೇಜಿಗೆ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಅಥವಾ ಕೋರ್ಸಿಗೆ ಎನ್‌ಬಿಎ (ತಾಂತ್ರಿಕ ಕೋರ್ಸುಗಳ ಗುಣಮಟ್ಟ ಅಳೆಯುವ ಮಂಡಳಿ) ಮಾನ್ಯತೆ ಇದ್ದರೆ ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ ಯೋಜನೆಯೇ ಭರಿಸುತ್ತದೆ. ಸಾಲ ಮಂಜೂರಾಗುವಾಗಲೇ ತಹಶೀಲ್ದಾರರ ಆದಾಯ ಪ್ರಮಾಣಪತ್ರ ಕೊಟ್ಟು, ಕ್ಲೇಮ್ ಹಾಕಿದ್ದಾರೆಯೇ ಎಂದು ಪ್ರತಿ ವರ್ಷ ಶಾಖೆಯಲ್ಲಿ ವಿಚಾರಿಸಿ. ಮಧ್ಯದಲ್ಲಿ ಓದು ಬಿಟ್ಟರೆ ಸಹಾಯಧನವೂ ನಿಲ್ಲುತ್ತದೆ. ಇನ್ನು ಜಾಮೀನು: 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಕೇಳುವಂತಿಲ್ಲ. ಹೊಲದ ಪತ್ರ ತನ್ನಿ ಎಂದರೆ, ಅದನ್ನು ಬರೆದುಕೊಡಿ ಎನ್ನಿ.

ಪ್ರಶ್ನೆ: ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣ) ವಿದ್ಯಾರ್ಥಿವೇತನ ‘ಮಂಜೂರಾಗಿದೆ’ ಎಂದು ತೋರಿಸುತ್ತದೆ, ಖಾತೆಗೆ ಬಂದಿಲ್ಲ. ಆಧಾರ್ ಲಿಂಕ್ ಮಾಡಿಸಿದ್ದೇನೆ. ಇತ್ತ ಕಾಲೇಜಿನವರು ಫೀಸು ಕೇಳುತ್ತಿದ್ದಾರೆ.
– ಬಿ.ಕಾಂ. ವಿದ್ಯಾರ್ಥಿ, ರಾಯಚೂರು

ನೀವು ಮಾಡಿಸಿದ್ದು ಬಹುಶಃ ಕೆವೈಸಿ, ಅಂದರೆ ಬ್ಯಾಂಕಿಗೆ ಗುರುತಿನ ದಾಖಲೆ ಕೊಡುವುದು. ಹಣ ಬರಬೇಕಾದರೆ ಖಾತೆ ಎನ್‌ಪಿಸಿಐ ಮ್ಯಾಪಿಂಗ್‌ನಲ್ಲಿರಬೇಕು, ಅಂದರೆ ಯಾವ ಆಧಾರ್‌ನ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ರಾಷ್ಟ್ರೀಯ ಪಾವತಿ ನಿಗಮ ಇಡುವ ಪಟ್ಟಿಯಲ್ಲಿರಬೇಕು. ಅದು ಬೇರೆ ಕೆಲಸ, ಬ್ಯಾಂಕಿನಲ್ಲಿ ಬೇರೆ ಒಪ್ಪಿಗೆ ಪತ್ರ ಕೊಡಬೇಕು. ಒಂದು ಆಧಾರ್‌ಗೆ ಒಂದೇ ಖಾತೆ ಮ್ಯಾಪ್ ಆಗುತ್ತದೆ, ಕೊನೆಯದಾಗಿ ಜೋಡಿಸಿದ್ದೇ ಚಾಲ್ತಿ. ಯಾವಾಗಲೋ ಆ್ಯಪಿನಲ್ಲಿ ತೆರೆದು ಮರೆತ ಖಾತೆಗೆ ಹಣ ಹೋಗಿ ಕೂತಿರುವುದೂ ಉಂಟು. ಆಧಾರ್ ನೀಡುವ ಯುಐಡಿಎಐ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ (ಖಾತೆ ಜೋಡಣೆ) ಸ್ಥಿತಿ ನೋಡಿದರೆ ಬ್ಯಾಂಕಿನ ಹೆಸರು ತಿಳಿಯುತ್ತದೆ. ಖಾತೆ ನಿಷ್ಕ್ರಿಯವಾಗಿದ್ದರೂ ಹಣ ವಾಪಸಾಗಬಹುದು, ಹಾಗಾಗಿ ನೂರು ರೂಪಾಯಿಯನ್ನಾದರೂ ಹಾಕಿ ಚಾಲೂ ಇಡಿ. ಮಂಜೂರಾತಿ ಪುಟದ ಪ್ರತಿಯೊಂದಿಗೆ ಪ್ರಾಂಶುಪಾಲರಿಗೆ ಲಿಖಿತವಾಗಿ ಕಾಲಾವಕಾಶ ಕೇಳಿ, ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ಮುಂದೆ ಫೀಸು ಏರುತ್ತದೆ, ಈಗಲೇ ಎರಡು ವರ್ಷದ್ದು ಕಟ್ಟಿ ಎನ್ನುತ್ತಾರೆ. ಕಟ್ಟಲೇ?
– ಪೋಷಕರು, ತುಮಕೂರು

ಬೇಡ. ಒಂದು ವರ್ಷಕ್ಕಿಂತ ಹೆಚ್ಚಿನ ಫೀಸನ್ನು ಮುಂಗಡವಾಗಿ ವಸೂಲಿ ಮಾಡಬಾರದೆಂದು ಸುಪ್ರೀಂ ಕೋರ್ಟ್ 2003ರ ಇಸ್ಲಾಮಿಕ್ ಅಕಾಡೆಮಿ ತೀರ್ಪಿನಲ್ಲಿ ಹೇಳಿದೆ. ನಡುವೆ ಸೀಟು ಬಿಟ್ಟರೆ ಎರಡನೇ ವರ್ಷದ ದುಡ್ಡಿಗೆ ಅಲೆಯಬೇಕಾದವರು ನೀವೇ. ಯಾವುದೇ ಮೊತ್ತಕ್ಕೆ ಬೋಧನಾ ಶುಲ್ಕ, ಪ್ರಯೋಗಾಲಯ, ಠೇವಣಿ ಎಂದು ಬಿಡಿಸಿ ಬರೆದ ರಸೀದಿ ಪಡೆಯಿರಿ. ‘ಅಭಿವೃದ್ಧಿ ನಿಧಿ’ ಎಂದು ರಸೀದಿಯಿಲ್ಲದೆ ಕೇಳಿದರೆ ಅದು ಕ್ಯಾಪಿಟೇಶನ್, ಅಂದರೆ ನಿಗದಿತ ಶುಲ್ಕದ ಮೇಲೆ ಸೀಟಿಗಾಗಿ ಕೀಳುವ ಹಣ. ರಾಜ್ಯದಲ್ಲಿ 1984ರಿಂದಲೇ ಅದನ್ನು ನಿಷೇಧಿಸುವ ಕಾಯ್ದೆ ಇದೆ.

ಪ್ರಶ್ನೆ: ಶಿಕ್ಷಣ ಸಾಲಕ್ಕೆ ತೆರಿಗೆ ವಿನಾಯಿತಿ ಇದೆಯೇ?
– ಮೈಸೂರು

ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಉಂಟು. ಬಡ್ಡಿಗೆ ಮಾತ್ರ, ಅಸಲಿಗಲ್ಲ; ಕಟ್ಟಲು ಆರಂಭಿಸಿದ ವರ್ಷದಿಂದ 8 ವರ್ಷ, ಮೊತ್ತಕ್ಕೆ ಮಿತಿಯಿಲ್ಲ. ಸಂಬಂಧಿಕರಿಂದ ಪಡೆದ ಕೈಸಾಲಕ್ಕೆ ಇದು ಸಿಗುವುದಿಲ್ಲ.