ಮೂರು ದಿಂಬಿನ ವಿಷಯ ಅರ್ಜಿಯಲ್ಲಿ ಇರಲಿಲ್ಲ

(ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ.)

ಸಲಹೆಗೆಂದು ನನ್ನ ಹತ್ತಿರ ಬಂದಿದ್ದ ಆಕೆ ಕೂತವರೇ ಬ್ಯಾಗಿನಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ, ಮಡಿಕೆಯ ಗೆರೆ ಹರಿಯೋ ಹಾಗಾಗಿತ್ತು. ವಿಮಾ ಕಂಪನಿಯ ಪತ್ರ. ‘ವೈದ್ಯಕೀಯ ಅಗತ್ಯ ಸಾಬೀತಾಗಿಲ್ಲ’ ಎಂಬ ಸಾಲಿನ ಕೆಳಗೆ ಪೆನ್ನಿನಲ್ಲಿ ಎರಡು ಸಲ ಗೆರೆ ಎಳೆದಿದ್ದರು.

“ಅಂದ್ರೆ ತಪ್ಪು ನಂದೇ ಅಂತ ತಾನೇ ಮೇಡಂ?”

ಎಂಟು ವರ್ಷದ ಹಿಂದೆ ಅವರಿಗೆ ತೂಕ ಇಳಿಸುವ ಸ್ಲೀವ್ ಆಪರೇಷನ್ ಆಗಿತ್ತು. ಜಠರದ ಸುಮಾರು ಮುಕ್ಕಾಲು ಭಾಗ ತೆಗೆದು, ಉಳಿದದ್ದನ್ನು ಸಣ್ಣ ಕೊಳವೆಯ ಹಾಗೆ ಬಿಡುವ ಆಪರೇಷನ್ ಅದು. ತೂಕ ಚೆನ್ನಾಗಿ ಇಳಿಯಿತು. ಆಮೇಲೆ ಇಳಿದದ್ದರಲ್ಲಿ ಅರ್ಧ ವಾಪಸ್ ಬಂತು. ಈಗ ಸರ್ಜನ್ ಅದನ್ನು ಬೈಪಾಸ್‌ಗೆ, ಅಂದರೆ ಜಠರದ ಮೇಲಿನ ಸಣ್ಣ ಭಾಗವನ್ನು ನೇರವಾಗಿ ಕರುಳಿಗೆ ಜೋಡಿಸುವ ಆಪರೇಷನ್‌ಗೆ, ಬದಲಿಸೋಣ ಎಂದಿದ್ದರು. ವಿಮೆಯವರು ಒಪ್ಪಲಿಲ್ಲ. ಆಕೆ ಗಂಡನಿಗೂ ಹೇಳದೆ ದೊಡ್ಡ ಸಾಲಕ್ಕೆ ಅರ್ಜಿ ತುಂಬಿಟ್ಟಿದ್ದರು. ಸೋಮವಾರ ಸಹಿ ಹಾಕುವುದೊಂದೇ ಬಾಕಿ.

ನಾನು ದುಡ್ಡಿನ ಮಾತಿಗೆ ಹೋಗಲಿಲ್ಲ. ನಿದ್ದೆ ಹೇಗಿದೆ ಅಂತ ಕೇಳಿದೆ.

“ಮೂರು ದಿಂಬು ಇಟ್ಕೊಂಡು ಕೂತ ಹಾಗೇ ಮಲಗ್ತೀನಿ. ಸ್ವಲ್ಪ ಜಾರಿದ್ರೂ ಹುಳಿ ನೀರು ಗಂಟಲಿಗೆ ಬಂದು ಕೆಮ್ಮು ಹತ್ತುತ್ತೆ.”

“ಡಾಕ್ಟರಿಗೆ ಹೇಳಿದ್ರಾ?”

“ಇಲ್ಲ. ತೂಕ ಬಂದಿದ್ದಕ್ಕೇ ಅವರಿಗೆ ಮುಖ ತೋರಿಸೋಕೆ ನಾಚಿಕೆ. ಅದರ ಮೇಲೆ ಇದೊಂದು ದೂರು ಬೇರೆ ಯಾಕೆ ಅಂತ.”

ಇಡೀ ಪ್ರಕರಣ ಇರುವುದು ಈ ಮಾತಿನಲ್ಲೇ. ನಾಚಿಕೆಯಿಂದ ಆಕೆ ನಾಲ್ಕು ವರ್ಷ ತಪಾಸಣೆಗೇ ಹೋಗಿರಲಿಲ್ಲ. ಹಾಗಾಗಿ ಸರ್ಜನ್ ವಿಮೆಯವರಿಗೆ ಕಳಿಸಿದ ಅರ್ಜಿಯಲ್ಲಿ ತೂಕದ ಮಾತು ಬಿಟ್ಟರೆ ಬೇರೇನೂ ಇರಲಿಲ್ಲ. ಸ್ಲೀವ್ ಆದ ಕೆಲವರಲ್ಲಿ ಆ ಕೊಳವೆಯೊಳಗೆ ಒತ್ತಡ ಜಾಸ್ತಿಯಾಗಿ ಆಮ್ಲ ಮೇಲಕ್ಕೆ ಬರುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಅನ್ನನಾಳದ ಒಳಪದರ ಕೆಡಬಹುದು. ಮಾತ್ರೆಗೆ ಬಗ್ಗದಿದ್ದರೆ ಸ್ಲೀವನ್ನು ಬೈಪಾಸ್‌ಗೆ ಬದಲಿಸುವುದು ವೈದ್ಯರು ಒಪ್ಪಿದ ಚಿಕಿತ್ಸೆ. ನಾನು ವೈದ್ಯೆಯಲ್ಲ. ಆದರೂ ಇಷ್ಟು ಹೇಳಿದೆ: “ನಾಳೆನೇ ಸರ್ಜನ್ ಹತ್ರ ಹೋಗಿ. ಮೂರು ದಿಂಬಿನ ಮಾತಿನಿಂದಲೇ ಶುರು ಮಾಡಿ. ಎಂಡೋಸ್ಕೋಪಿ, ಆಮ್ಲ ಅಳೆಯೋ 24 ಗಂಟೆ ಪರೀಕ್ಷೆ ಬೇಕಾ ಅಂತ ಕೇಳಿ.”

ತಪ್ಪು ಯಾರದು ಅನ್ನೋ ಪ್ರಶ್ನೆಗೂ ಉತ್ತರ ಕೊಡಬೇಕಿತ್ತು. ತೂಕ ಇಳಿದ ದೇಹ ಸುಮ್ನೆ ಕೂರುವುದಿಲ್ಲ. ಹಸಿವು ಹೆಚ್ಚಿಸುತ್ತದೆ, ತಾನು ಸುಡುವ ಕ್ಯಾಲೊರಿ ಕಡಿಮೆ ಮಾಡುತ್ತದೆ. ಬಿಪಿಗೆ ಮೊದಲ ಮಾತ್ರೆ ಸಾಲದಿದ್ದರೆ ಎರಡನೆಯದು ಕೊಡುತ್ತಾರೆ. ಅಲ್ಲಿ ಯಾರೂ ರೋಗಿಯನ್ನು ಬೈಯುವುದಿಲ್ಲ, ಅಲ್ವಾ? ಆಕೆ ಬಹಳ ಹೊತ್ತು ಅತ್ತರು. ನಾನು ಕಾದೆ.

ಮುಂದಿನ ಭೇಟಿಯಲ್ಲಿ ಪತ್ರವನ್ನು ಇಬ್ಬರೂ ಕೂತು ಓದಿದೆವು. ಮೇಲ್ಮನವಿಗೆ ಕೊನೆಯ ದಿನಾಂಕ ಹಿಂಬದಿಯಲ್ಲಿತ್ತು. ಆಕೆ ಹಾಳೆ ತಿರುಗಿಸಿಯೇ ಇರಲಿಲ್ಲ. ತಿರಸ್ಕಾರದಲ್ಲಿ ಎರಡು ಥರ ಇದೆ. ‘ಜೀವನದಲ್ಲಿ ಒಂದೇ ಸಲ’ ಎಂದೋ ‘ತೂಕದ ಆಪರೇಷನ್ ಪಾಲಿಸಿಯಲ್ಲೇ ಇಲ್ಲ’ ಎಂದೋ ಬರೆದಿದ್ದರೆ ಹಾದಿ ಕಷ್ಟ. ‘ಅಗತ್ಯ ಸಾಬೀತಾಗಿಲ್ಲ’ ಎಂದಿದ್ದರೆ ಸಾಬೀತು ಮಾಡಲು ಅವಕಾಶವಿದೆ. ಯಾವ ಮಾನದಂಡ ನೋಡಿ ತಿರಸ್ಕರಿಸಿದರು ಎಂದು ಬರಹದಲ್ಲೇ ಕೇಳಿ ಎಂದೆ. ತೂಕದ ಆಪರೇಷನ್‌ಗೆ 1991ರ ಹಳೆಯ ನಿಯಮದಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40 ಇರಬೇಕಿತ್ತು, ಇಲ್ಲವೇ 35ರ ಜೊತೆ ಬೇರೆ ಕಾಯಿಲೆ ಇರಬೇಕಿತ್ತು. 2022ರಲ್ಲಿ ಬೊಜ್ಜಿನ ಸರ್ಜನ್ನರ ಸಂಘಗಳು, ಬಿಎಂಐ 35 ಇದ್ದರೆ ಬೇರೆ ಕಾಯಿಲೆ ಇರಲೇಬೇಕೆಂದಿಲ್ಲ ಎಂದು ಬದಲಿಸಿವೆ. ವಿಮೆಯವರು ಹಳೆಯದನ್ನೇ ಹಿಡಿದು ಕೂತಿದ್ದರೆ ಸರ್ಜನ್ ತಮ್ಮ ಪತ್ರದಲ್ಲಿ ಅದನ್ನು ಎತ್ತಿ ಹೇಳಬಹುದು. ವಿಮೆಯವರ ವೈದ್ಯರೊಂದಿಗೆ ನೇರವಾಗಿ ಮಾತಾಡಲು ಆಗುತ್ತದಾ ಎಂದೂ ಕೇಳಬಹುದು.

ದುಡ್ಡಿನ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಮೇಲ್ಮನವಿಗೆ ಉತ್ತರ ಬರುವ ತನಕ ಸಾಲಕ್ಕೆ ಸಹಿ ಬೇಡ. ಎರಡನೇ ಆಪರೇಷನ್‌ನಲ್ಲಿ ಹಳೆಯ ಗಾಯದಿಂದ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಂಡಿರಬಹುದು, ಹೊಲಿಗೆಯ ಸೋರಿಕೆ, ರಕ್ತಸ್ರಾವದ ಅಪಾಯ ಮೊದಲನೆಯದಕ್ಕಿಂತ ಜಾಸ್ತಿ. ಹಾಗಾಗಿ ಆಸ್ಪತ್ರೆಯಿಂದ ಬರಹದಲ್ಲಿ ಅಂದಾಜು ಪಟ್ಟಿ ಪಡೆಯಿರಿ, ಐಸಿಯುಗೆ ಹೋದರೆ ಎಷ್ಟು, ಮತ್ತೆ ದಾಖಲಾದರೆ ಎಷ್ಟು ಎನ್ನುವುದೂ ಅದರಲ್ಲಿರಲಿ. ಕೈಯಿಂದ ಕೊಟ್ಟು ಮಾಡಿಸಿದ ಆಪರೇಷನ್ ಕೆಟ್ಟರೆ ಆ ಚಿಕಿತ್ಸೆಗಾದರೂ ವಿಮೆ ಸಿಗುತ್ತದಾ? ಇದನ್ನು ಬಹಳ ಜನ ಕೇಳುವುದೇ ಇಲ್ಲ. ಕೇಳಿ ಉತ್ತರವನ್ನು ಬರಹದಲ್ಲಿ ಇಟ್ಟುಕೊಳ್ಳಬೇಕು. ಬೈಪಾಸ್ ಆದ ಮೇಲೆ ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ, ರಕ್ತಪರೀಕ್ಷೆ ಜೀವನಪೂರ್ತಿ ಇರುತ್ತವೆ. ಆ ಖರ್ಚೂ ಲೆಕ್ಕಕ್ಕೆ ಬರಬೇಕು. ಎರಡು ತಿಂಗಳು ಸಂಬಳ ನಿಂತರೆ ಕಂತು ಕಟ್ಟಲಾಗದು ಎಂದಾದರೆ ಆ ಸಾಲ ನಿಮಗೆ ದೊಡ್ಡದಾಯಿತು. ಅಗ್ಗ ಅಂತ ದೂರದ ಪ್ಯಾಕೇಜಿಗೆ ಹೋಗುವ ಮುಂಚೆ, ಹತ್ತನೇ ದಿನ ಜ್ವರ ಬಂದರೆ ಯಾರು ನೋಡುತ್ತಾರೆ ಎಂದು ಯೋಚಿಸಿ.

ತೂಕದ ಹೊಸ ಇಂಜೆಕ್ಷನ್‌ಗಳ ಬಗ್ಗೆ ಆಕೆಯೇ ಕೇಳಿದರು. ಸರ್ಜನ್ ಹತ್ತಿರ ಮಾತಾಡಿ ಎಂದೆ. ಅವು ತೂಕಕ್ಕೆ ಸಹಾಯ ಮಾಡಬಹುದು. ಮೇಲೆ ಬರುವ ಆಮ್ಲಕ್ಕೆ ಅವು ಔಷಧಿಯಲ್ಲ.

ಮೂರನೇ ಸಲ ಗಂಡನೂ ಬಂದರು. “ನಮ್ಮನೆಯವರಿಗೆ ಇದೇನೂ ಗೊತ್ತಿಲ್ಲ” ಎಂದು ಆಕೆ ಹೇಳಿದ್ದು ನೆನಪಿತ್ತು. ಅವರು ಜೇಬಿನಿಂದ ಸಣ್ಣ ಡೈರಿ ತೆಗೆದರು. ಯಾವ ರಾತ್ರಿ ಎಷ್ಟು ಸಲ ಕೆಮ್ಮಿ ಎದ್ದರು ಅಂತ ಐದು ತಿಂಗಳಿಂದ ಬರೆದಿಟ್ಟಿದ್ದರು. “ಕೇಳಿದ್ರೆ ಬೇಜಾರು ಮಾಡ್ಕೋತಾಳೆ ಅಂತ ಸುಮ್ನಿದ್ದೆ” ಎಂದರು.

ಆ ಡೈರಿಯ ಪ್ರತಿ ಮೇಲ್ಮನವಿಯ ಜೊತೆ ಹೋಗಿದೆ. ಎಂಡೋಸ್ಕೋಪಿಯಲ್ಲಿ ಅನ್ನನಾಳದ ಉರಿಯೂತ ಕಂಡಿದೆ, ಆ ವರದಿಯೂ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ. ಮತ್ತೆ ಇಲ್ಲ ಎಂದರೆ ಹೊರಗಿನವರಿಂದ ಮರುಪರಿಶೀಲನೆ ಕೇಳುತ್ತಾರೆ. ಕೈಯಿಂದ ಹಾಕಬೇಕಾಗಿ ಬಂದರೆ ಎಷ್ಟರವರೆಗೆ ಎಂದು ಇಬ್ಬರೂ ಕೂತು ಒಂದು ಮೊತ್ತ ಗೊತ್ತುಮಾಡಿದ್ದಾರೆ. ಸಾಲದ ಅರ್ಜಿ ವಾಪಸ್ ತೆಗೆದುಕೊಂಡಿದ್ದಾರೆ. ಆಮ್ಲ ತಗ್ಗಿಸುವ ಮಾತ್ರೆ ಶುರುವಾಗಿದೆ, ತಪಾಸಣೆಗೆ ತಪ್ಪದೆ ಹೋಗುತ್ತಿದ್ದಾರೆ. ದಿಂಬು ಇನ್ನೂ ಮೂರೇ ಇವೆ.