ಜ್ವರ, ಬೆವರು, ಬಿಗಿದ ಮೈ: ಸೆರೊಟೋನಿನ್ ಸಿಂಡ್ರೋಮೋ, ಎನ್‌ಎಂಎಸ್ಸೋ?

ಎಸಿಟಾಲೊಪ್ರಾಮ್ (ಸೆರೊಟೋನಿನ್ ಏರಿಸುವ ಖಿನ್ನತೆಯ ಔಷಧಿ), ಹ್ಯಾಲೊಪೆರಿಡಾಲ್ (ಡೋಪಮೈನ್ ತಡೆಯುವ ಮನೋರೋಗದ ಔಷಧಿ) ಎರಡೂ ನಡೆಯುತ್ತಿರುವ ರೋಗಿಗೆ ಜ್ವರ, ಬೆವರು, ಗೊಂದಲ, ಮೈ ಬಿಗಿತ ಬಂದಿದೆ, ಸಿಕೆ (ಸ್ನಾಯುವಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಕಿಣ್ವ) ವರದಿ ಇನ್ನೂ ಬಂದಿಲ್ಲ, ಇದು ಸೆರೊಟೋನಿನ್ ಅತಿಯಾಗಿ ಬರುವ ಸೆರೊಟೋನಿನ್ ಸಿಂಡ್ರೋಮೋ, ಡೋಪಮೈನ್ ತಡೆದಾಗ ಬರುವ ಎನ್‌ಎಂಎಸ್ಸೋ (ನ್ಯೂರೋಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್) ಎಂದು ಹೇಗೆ ತಿಳಿಯುವುದು ಅಂತ ಕೇಳಿದ್ದೀರಿ. ವರದಿಗೆ ಕಾಯಬೇಡಿ. ನಾನಾದರೆ ಹೊದಿಕೆ ಸರಿಸಿ ಮೊದಲು ಕಾಲು ನೋಡುತ್ತೇನೆ.

ಮಂಡಿಯನ್ನು ತುಸು ಮಡಿಸಿ, ಪಾದವನ್ನು ಥಟ್ಟನೆ ಮೇಲಕ್ಕೆ ಒತ್ತಿ ಹಾಗೇ ಹಿಡಿದುಕೊಳ್ಳಿ. ಪಾದ ಅಂಗೈಗೆ ಟಕಟಕ ಬಡಿಯುತ್ತಲೇ ಇದ್ದರೆ ಅದು ಕ್ಲೋನಸ್. ಜೊತೆಗೆ ಬೆವರೋ ಚಡಪಡಿಕೆಯೋ ಇದ್ದು, ಸೆರೊಟೋನಿನ್ ಏರಿಸುವ ಔಷಧಿಯೂ ನಡೆಯುತ್ತಿದ್ದರೆ 2003ರ ಹಂಟರ್ ಮಾನದಂಡಕ್ಕೆ ಅಷ್ಟು ಸಾಕು: ಸೆರೊಟೋನಿನ್ ಸಿಂಡ್ರೋಮ್. ಎನ್‌ಎಂಎಸ್‌ನಲ್ಲಿ ಮೊಣಕೈ ಮಡಿಸಿ ಬಿಡಿಸಿದರೆ ಸೀಸದ ಕೊಳವೆ ಬಗ್ಗಿಸಿದ ಹಾಗೆ ಉದ್ದಕ್ಕೂ ಒಂದೇ ಸಮನೆ ಬಿಗಿ. ಮಂಡಿಗೆ ಸುತ್ತಿಗೆ ತಟ್ಟಿದರೂ ಪ್ರತಿಕ್ರಿಯೆ ಮಂದ. ಎಡವುವುದು ಇಲ್ಲೇ: ಸೆರೊಟೋನಿನ್ ಸಿಂಡ್ರೋಮ್ ತೀವ್ರವಾದಾಗ ಬಿಗಿತವೇ ಕ್ಲೋನಸ್ಸನ್ನು ಮುಚ್ಚಿಬಿಡುತ್ತದೆ. ಆಗ ಕಣ್ಣು ನೋಡಿ, ಹೊಟ್ಟೆಗೆ ಸ್ಟೆತಸ್ಕೋಪ್ ಇಡಿ. ಪಾಪೆ ಅಗಲವಾಗಿ, ಕಣ್ಣುಗುಡ್ಡೆ ಓಲಾಡುತ್ತಾ, ಕರುಳು ಗುಡುಗುಡು ಎನ್ನುತ್ತಿದ್ದರೆ ಸೆರೊಟೋನಿನ್ ಕಡೆಗೇ ವಾಲಿ.

ಇನ್ನು ಔಷಧಿ ಚಾರ್ಟು. ಸೆರೊಟೋನಿನ್ ಸಿಂಡ್ರೋಮ್ ಹೊಸ ಔಷಧಿ ಸೇರಿದ ಅಥವಾ ಡೋಸ್ ಏರಿದ 24 ಗಂಟೆಯೊಳಗೆ, ಹಲವು ಸಲ 6 ಗಂಟೆಯಲ್ಲೇ ಎದ್ದು ನಿಲ್ಲುತ್ತದೆ. ಎನ್‌ಎಂಎಸ್ ದಿನಗಟ್ಟಲೆ ನಿಧಾನವಾಗಿ ಬಲಿಯುತ್ತದೆ. ಮನೋರೋಗದ ಮಾತ್ರೆಗಳನ್ನಷ್ಟೇ ಹುಡುಕಬೇಡಿ. ನೋವಿನ ಟ್ರಮಡಾಲ್, ಆಂಟಿಬಯಾಟಿಕ್ ಲಿನೆಜೋಲಿಡ್, ಡೆಕ್ಸ್ಟ್ರೋಮೆಥಾರ್ಫನ್ ಇರುವ ಕೆಮ್ಮಿನ ಸಿರಪ್ ಸೆರೊಟೋನಿನ್ ಕಡೆ. ವಾಂತಿಗೆ ಕೊಟ್ಟ ಮೆಟೊಕ್ಲೋಪ್ರಮೈಡ್, ಹಠಾತ್ತನೆ ನಿಂತ ಪಾರ್ಕಿನ್ಸನ್ ಔಷಧಿ ಲೆವೊಡೋಪಾ ಎನ್‌ಎಂಎಸ್ ಕಡೆ.

ಸಿಕೆ ಎನ್‌ಎಂಎಸ್‌ನಲ್ಲಿ ಸಾವಿರ ದಾಟುವುದು ಸಾಮಾನ್ಯ. ಆದರೆ ಸ್ನಾಯುವಿಗೆ ಚುಚ್ಚಿದ ಇಂಜೆಕ್ಷನ್ನೂ ಅದನ್ನು ಏರಿಸುತ್ತದೆ, ಅದೊಂದನ್ನೇ ನಂಬಬೇಡಿ.

ತೀರ್ಮಾನವಾಗದಿದ್ದರೆ ಎರಡೂ ಔಷಧಿ ನಿಲ್ಲಿಸಿ. ಲೊರಾಜೆಪಾಮ್ (ಶಮನಕಾರಿ ಔಷಧಿ), ದ್ರವ, ಮೈ ತಣಿಸುವುದು ಎರಡಕ್ಕೂ ಸಲ್ಲುತ್ತವೆ. ಶಾಖ ಹುಟ್ಟುವುದು ಸ್ನಾಯುವಿನಲ್ಲಾದ್ದರಿಂದ ಪ್ಯಾರಾಸಿಟಮಾಲ್ ಕೆಲಸಕ್ಕೆ ಬಾರದು. ಊಹೆಯ ಮೇಲೆ, ಡೋಪಮೈನ್‌ನಂತೆ ಕೆಲಸ ಮಾಡುವ ಬ್ರೊಮೊಕ್ರಿಪ್ಟಿನ್ ಕೊಟ್ಟರೆ ಸೆರೊಟೋನಿನ್ ಸಿಂಡ್ರೋಮ್ ಕೆರಳಬಹುದು, ಸೆರೊಟೋನಿನ್ ತಡೆಯಲೆಂದು ಕ್ಲೋರ್‌ಪ್ರೊಮಜೈನ್ ಕೊಟ್ಟರೆ ಎನ್‌ಎಂಎಸ್. ಸೆರೊಟೋನಿನ್ ಎಂದು ಖಚಿತವಾದರೆ ಸೆರೊಟೋನಿನ್ ತಡೆಯುವ ಸಿಪ್ರೊಹೆಪ್ಟಡೀನ್ 12 ಮಿ.ಗ್ರಾಂ, ಅಂದರೆ ಹಸಿವಿಗೆಂದು ಮಾರುವ ಅದೇ 4 ಮಿ.ಗ್ರಾಂ ಮಾತ್ರೆ ಮೂರು, ಪುಡಿ ಮಾಡಿ ಮೂಗಿನ ನಳಿಕೆಯಲ್ಲಿ. ಲಕ್ಷಣ ಇಳಿಯುವವರೆಗೆ 2 ಗಂಟೆಗೊಮ್ಮೆ 2 ಮಿ.ಗ್ರಾಂ. ಜ್ವರ 41 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೆಸರಿನ ಚರ್ಚೆ ಬಿಟ್ಟು ಐಸಿಯುಗೆ ಸಾಗಿಸಿ. ಅಲ್ಲಿ ಸ್ನಾಯು ಸಡಿಲಿಸಿ ವೆಂಟಿಲೇಟರ್‌ಗೆ ಹಾಕಬೇಕಾಗುತ್ತದೆ. ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಔಷಧಿ ಮಾತ್ರ ಬೇಡ, ಪೊಟ್ಯಾಸಿಯಂ ಏರಿ ಹೃದಯ ನಿಂತೀತು.