ಓದುಗರ ಪ್ರಶ್ನೆ: ಬಾಲ್ಯದ ‘ಹಿಮರಾಣಿ’ಯನ್ನು ಮತ್ತೆ ನೋಡುವಾಗ

ಪ್ರಶ್ನೆ: ಚಿಕ್ಕಂದಿನಲ್ಲಿ ನೋಡಿದ ಒಂದು ಅನಿಮೇಷನ್ ಚಿತ್ರದ ಹೆಸರು ಬೇಕಿತ್ತು. ಕನ್ನಡಿಯ ಚೂರು ತಾಗಿ ಹುಡುಗನ ಮನಸ್ಸು ಕಲ್ಲಾಗುತ್ತದೆ, ಹುಡುಗಿ ಅವನನ್ನು ಹುಡುಕಿಕೊಂಡು ಹಿಮದ ನಾಡಿಗೆ ಹೋಗುತ್ತಾಳೆ. ಎರಡು ಕೊಡೆ ಹಿಡಿದ ಕುಳ್ಳನೊಬ್ಬ ಕಥೆ ಹೇಳುತ್ತಾನೆ.

ಉತ್ತರ: ಕೊಡೆಯ ಕುಳ್ಳನಿಂದಲೇ ಚಿತ್ರ ಯಾವುದೆಂದು ತಿಳಿಯಿತು. ಮಾಸ್ಕೋದ ಸೊಯುಜ್‌ಮುಲ್ತ್‌ಫಿಲ್ಮ್ ಸ್ಟುಡಿಯೋ 1957ರಲ್ಲಿ ತಯಾರಿಸಿದ ‘ಸ್ನೇಜ್ನಾಯಾ ಕೊರೊಲೇವಾ’, ಅಂದರೆ ಹಿಮರಾಣಿ. ನಿರ್ದೇಶಕ ಲೆವ್ ಅತಮಾನೊವ್. ಡೆನ್ಮಾರ್ಕಿನ ಕಥೆಗಾರ ಆಂಡರ್ಸನ್‌ನ ಈ ಕಥೆಯನ್ನು ಅನೇಕರು ಚಿತ್ರ ಮಾಡಿದ್ದಾರೆ. ಹಾಗಾಗಿ ಬರೀ ಕಥೆ ಹೇಳಿ ಹುಡುಕಿದರೆ ದಾರಿ ತಪ್ಪುತ್ತದೆ. ಮೂಲ ಕಥೆಯಲ್ಲಿಲ್ಲದ ವಿವರ ಯಾವುದು ನೆನಪಿದೆ ಎಂದು ಮೊದಲು ನೋಡಿಕೊಳ್ಳಿ. ಆಂಡರ್ಸನ್ ಬರೆದಂತೆ ಆ ಕನ್ನಡಿ ಪಿಶಾಚಿ ಮಾಡಿದ್ದು. ಈ ಚಿತ್ರದಲ್ಲಾದರೆ, ‘ರಾಣಿ ಬಂದರೆ ಬಿಸಿ ಒಲೆಯ ಮೇಲೆ ಕೂರಿಸುತ್ತೇನೆ’ ಎಂದು ಹುಡುಗ ಕಾಯ್ ತಮಾಷೆ ಮಾಡುತ್ತಾನೆ, ಅದನ್ನು ಕೇಳಿ ಸಿಟ್ಟಾದ ರಾಣಿಯೇ ತನ್ನ ಕನ್ನಡಿಯನ್ನು ಒಡೆಯುತ್ತಾಳೆ. ಅದು ನಿಮಗೆ ನೆನಪಿದ್ದರೆ ಅನುಮಾನವೇ ಬೇಡ. ಹುಡುಕುವಾಗ ಹೆಸರನ್ನು ರಷ್ಯನ್ ಲಿಪಿಯಲ್ಲೇ (Снежная королева) ಹಾಕಿ, ಜೊತೆಗೆ 1957 ಎಂದು ಸೇರಿಸಿ.

ಪ್ರಶ್ನೆ: ಅದೇ ಚಿತ್ರ ಸಿಕ್ಕಿತು. ಆದರೆ ನಾನು ನೋಡಿದ್ದರಲ್ಲಿ ಮೊದಲು ನಿಜವಾದ ಮನುಷ್ಯರು ಬರುತ್ತಿದ್ದರು, ಸಂಗೀತವೂ ಬೇರೆ ಇತ್ತು. ನನ್ನ ನೆನಪೇ ತಪ್ಪೇ?

ಉತ್ತರ: ಖಂಡಿತ ಅಲ್ಲ. ಇಂಥ ಚಿತ್ರಗಳ ವಿಷಯದಲ್ಲಿ ನೆನಪನ್ನು ಅನುಮಾನಿಸುವ ಮೊದಲು ಪ್ರತಿಯನ್ನು ಅನುಮಾನಿಸಬೇಕು. 1959ರಲ್ಲಿ ಅಮೆರಿಕದ ಯೂನಿವರ್ಸಲ್ ಸಂಸ್ಥೆ ಇದನ್ನು ಇಂಗ್ಲಿಷ್‌ಗೆ ಡಬ್ ಮಾಡಿ ಬಿಡುಗಡೆ ಮಾಡಿತು. ಆರಂಭಕ್ಕೆ ಅಮೆರಿಕದ ಟಿವಿ ನಿರೂಪಕ ಆರ್ಟ್ ಲಿಂಕ್‌ಲೆಟರ್ ಮಕ್ಕಳೊಡನೆ ಕಾಣಿಸಿಕೊಳ್ಳುವ ಭಾಗ ಸೇರಿಸಿ, ಸಂಗೀತವನ್ನೂ ಬದಲಿಸಿತು. ನೀವು ನೋಡಿದ್ದು ಅದನ್ನೇ. ಅದರಲ್ಲಿ ಹುಡುಗಿ ಗೆರ್ಡಾಳ ದನಿ ಸಾಂಡ್ರಾ ಡೀ ಅವರದು. 1990ರ ದಶಕದಲ್ಲಿ ಇನ್ನೊಂದು ಇಂಗ್ಲಿಷ್ ಡಬ್ ಬಂತು. ಅದರಲ್ಲಿ ರಾಣಿಗೆ ಕ್ಯಾಥ್ಲೀನ್ ಟರ್ನರ್, ಗೆರ್ಡಾಗೆ ಕರ್ಸ್ಟನ್ ಡನ್ಸ್ಟ್ ದನಿ ಕೊಟ್ಟಿದ್ದಾರೆ. ಬಾಲ್ಯದ ಪ್ರತಿಯೇ ಬೇಕೆಂದರೆ ಕಲಾವಿದರ ಹೆಸರು ನೋಡಿ ಆರಿಸಿ. ಚಿತ್ರವನ್ನೇ ಸರಿಯಾಗಿ ನೋಡಬೇಕೆಂದಿದ್ದರೆ ಮಾತ್ರ ರಷ್ಯನ್ ಧ್ವನಿ, ಸಬ್‌ಟೈಟಲ್ ಇರುವ ಪ್ರತಿಯೇ ಸರಿ. ಅರ್ತೆಮಿ ಐವಜ್ಯಾನ್ ಅವರ ಮೂಲ ಸಂಗೀತ ಅದರಲ್ಲಿದೆ, ದೃಶ್ಯದ ನಡಿಗೆ ಆ ಸಂಗೀತಕ್ಕೇ ಹೊಂದಿಕೊಂಡಿದೆ.

ಪ್ರಶ್ನೆ: ಒಂದು ಪ್ರತಿ 64 ನಿಮಿಷ, ಇನ್ನೊಂದು 61 ನಿಮಿಷ ಚಿಲ್ಲರೆ. ಕತ್ತರಿ ಹಾಕಿದ್ದಾರೆಯೇ?

ಉತ್ತರ: ಕತ್ತರಿ ಬಿದ್ದಿರಲಾರದು. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ), ಭಾರತ, ಯುರೋಪಿನ ಹಳೆಯ ಟಿವಿ ಪದ್ಧತಿಯಾದ ಪಾಲ್‌ನಲ್ಲಿ 25. ಟಿವಿಗೆ ಹಾಕುವಾಗ ಫ್ರೇಮ್ ಸೇರಿಸುವ ಬದಲು ಇಡೀ ಚಿತ್ರವನ್ನೇ ಶೇ. 4ರಷ್ಟು ಜೋರಾಗಿ ಓಡಿಸುತ್ತಿದ್ದರು. 64ನ್ನು 24ರಿಂದ ಗುಣಿಸಿ 25ರಿಂದ ಭಾಗಿಸಿ, 61 ನಿಮಿಷ 26 ಸೆಕೆಂಡು ಬರುತ್ತದೆ. ದನಿಯ ಶ್ರುತಿಯೂ ಅರ್ಧ ಸ್ವರಕ್ಕಿಂತ ತುಸು ಕಡಿಮೆ ಏರುತ್ತದೆ. ಲೆಕ್ಕ ಹೀಗೆ ಕೂಡಿಬಾರದಿದ್ದರೆ ಮಾತ್ರ ಕತ್ತರಿಯ ಅನುಮಾನ ಪಡಿ.

ಪ್ರಶ್ನೆ: ಮನೆಯಲ್ಲಿ ವಿಎಚ್‌ಎಸ್ ಕ್ಯಾಸೆಟ್ ಇದೆ. ಕಂಪ್ಯೂಟರ್‌ಗೆ ಹಾಕಿಕೊಳ್ಳುವುದು ಹೇಗೆ?

ಉತ್ತರ: ಪ್ಲೇ ಒತ್ತುವ ಮೊದಲು ಕ್ಯಾಸೆಟ್‌ನ ಕಿಟಕಿಯ ಮೂಲಕ ಸುರುಳಿಯ ಅಂಚು ನೋಡಿ. ಬಿಳಿ ಪುಡಿಯಂಥದು ಕಂಡರೆ ಅದು ಬೂಷ್ಟು. ಹಾಗೆಯೇ ಓಡಿಸಿದರೆ ಹೆಡ್‌ಗೆ (ಟೇಪನ್ನು ಓದುವ ಭಾಗ) ಅಂಟಿ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಅದನ್ನು ಶುಚಿಮಾಡುವುದು ನುರಿತವರ ಕೆಲಸ, ಅವರಿಗೇ ಬಿಡಿ. ಬೂಷ್ಟಿಲ್ಲದಿದ್ದರೆ ಬೆನ್ನಿನ ಅಂಚಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಹಲ್ಲನ್ನು ಮುರಿಯಿರಿ. ಕೈತಪ್ಪಿ ರೆಕಾರ್ಡ್ ಒತ್ತಿದರೂ ಚಿತ್ರ ಅಳಿಯುವುದಿಲ್ಲ. ಆಮೇಲೆ ಟೇಪನ್ನು ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಬಿಟ್ಟ ಸುರುಳಿಯ ಬಿಗಿ ಎಲ್ಲೆಡೆ ಒಂದೇ ಸಮ ಇರುವುದಿಲ್ಲ, ಹೀಗೆ ಸುತ್ತಿದರೆ ಸಮವಾಗುತ್ತದೆ.

ಡೆಕ್‌ನ (ಕ್ಯಾಸೆಟ್ ಓಡಿಸುವ ಯಂತ್ರ) ಹೆಡ್ ಒರೆಸಲು ಶೇ. 90ಕ್ಕಿಂತ ಹೆಚ್ಚು ಶುದ್ಧವಾದ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆದು ಚರ್ಮದ ತುಂಡು ಬಳಸಿ. ತುಂಡನ್ನು ಅಲುಗಿಸದೆ ಹಿಡಿದು ಹೆಡ್ ಕೂತಿರುವ ಡ್ರಮ್ಮನ್ನು ಕೈಯಿಂದ ಅಡ್ಡಕ್ಕೆ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಹತ್ತಿ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ.

ಕಂಪ್ಯೂಟರ್‌ಗೆ ಚಿತ್ರ ಕಳಿಸಲು ಡೆಕ್‌ನಲ್ಲಿ ಎಸ್-ವಿಡಿಯೋ ಕಿಂಡಿ ಇದ್ದರೆ ಅದನ್ನೇ ಬಳಸಿ. ಪಾಲ್ ಟೇಪಾದರೆ 720×576, 25 ಫ್ರೇಮ್, ಇಂಟರ್‌ಲೇಸ್ಡ್ (ಗೆರೆಗಳು ಒಂದು ಬಿಟ್ಟು ಒಂದರಂತೆ) ಆಗಿಯೇ, ಲಾಸ್‌ಲೆಸ್ (ವಿವರ ಕಳೆಯದ) ಕೊಡೆಕ್‌ನಲ್ಲಿ ಇಳಿಸಿಕೊಳ್ಳಿ. ಗಂಟೆಗೆ 30-40 ಜಿಬಿ ಜಾಗ ಬೇಕು. ಗೆರೆಗಳು ಅಲುಗಾಡುತ್ತಿದ್ದರೆ ಅದಕ್ಕೆ ಕಾರಣ ಟೇಪಿನ ವೇಗದ ಸಣ್ಣ ಏರುಪೇರು. ಅದನ್ನು ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನವನ್ನು ನಡುವೆ ಇಟ್ಟರೆ ನಿಲ್ಲುತ್ತದೆ. ಇಲ್ಲಿ ಬಹಳ ಜನ ಕೆಡಿಸುವುದು ಡಿ-ಇಂಟರ್‌ಲೇಸ್ ಮಾಡುವಾಗ, ಅಂದರೆ ಬಿಡಿ ಗೆರೆಗಳನ್ನು ಇಡೀ ಫ್ರೇಮ್ ಆಗಿಸುವಾಗ. ಪಾಲ್ ಟೇಪಿನಲ್ಲಿ ಒಂದು ಸಿನಿಮಾ ಫ್ರೇಮು ಎರಡು ಫೀಲ್ಡ್‌ಗಳಾಗಿ (ಒಂದರಲ್ಲಿ ಬೆಸ ಗೆರೆ, ಇನ್ನೊಂದರಲ್ಲಿ ಸಮ ಗೆರೆ) ಕೂತಿರುತ್ತದೆ. ಆ ಜೋಡಿಯನ್ನು ಮತ್ತೆ ಕೂಡಿಸಿದರೆ (ಫೀಲ್ಡ್ ಮ್ಯಾಚಿಂಗ್) ಚಿತ್ರ ಪೂರ್ತಿ ವಾಪಸ್ ಬರುತ್ತದೆ. ಸಾಮಾನ್ಯ ಡಿ-ಇಂಟರ್‌ಲೇಸ್ ಹಾಕಿದರೆ ಗೆರೆಗಳ ಅರ್ಧ ವಿವರ ವೃಥಾ ಹೋಗುತ್ತದೆ. ಕೊನೆಗೆ 24 ಫ್ರೇಮಿಗೆ ನಿಧಾನ ಮಾಡಿ, ದನಿಯನ್ನೂ ಅದೇ ಪ್ರಮಾಣದಲ್ಲಿ ಇಳಿಸಿ.

ಪ್ರಶ್ನೆ: ಹೊಸ ದೊಡ್ಡ ಟಿವಿಯಲ್ಲಿ ಮುಖಗಳು ಮೇಣ ಬಳಿದಂತೆ, ತಲೆ ಕತ್ತರಿಸಿದಂತೆ ಕಾಣುತ್ತವೆ.

ಉತ್ತರ: ಟಿವಿ ಸೆಟ್ಟಿಂಗ್ ತಿದ್ದಿ. ಮೋಷನ್ ಸ್ಮೂದಿಂಗ್ (ಚಲನೆಯನ್ನು ನಯಗೊಳಿಸುವ ಸೌಲಭ್ಯ) ಆಫ್ ಮಾಡಿ. ಕೈಯಿಂದ ಬರೆದ ಚಿತ್ರದಲ್ಲಿ ಎಷ್ಟೋ ಕಡೆ ಒಂದು ರೇಖಾಚಿತ್ರ ಎರಡು ಫ್ರೇಮ್ ನಿಲ್ಲುತ್ತದೆ, ಅಂದರೆ ಸೆಕೆಂಡಿಗೆ 12. ಟಿವಿ ನಡುವೆ ತನ್ನದೇ ಫ್ರೇಮ್ ಹುಟ್ಟಿಸಿದರೆ ಗೆರೆ ಕಲಸಿಹೋಗುತ್ತದೆ. ನಾಯ್ಸ್ ರಿಡಕ್ಷನ್ ಬೇಡ, ಶಾರ್ಪ್‌ನೆಸ್ ತೀರಾ ಕೆಳಕ್ಕೆ. ಅನುಪಾತ 4:3 ಇರಲಿ. ಪರದೆ ತುಂಬಲೆಂದು ಜೂಮ್ ಮಾಡಿದರೆ ಎತ್ತರದ ಕಾಲು ಭಾಗ ಹೋಗುತ್ತದೆ, ಎಳೆದರೆ ಎಲ್ಲರೂ ದಪ್ಪಗಾಗುತ್ತಾರೆ.

ಪ್ರಶ್ನೆ: ರಾಣಿ ಮಾತ್ರ ಬೇರೆಯವರಿಗಿಂತ ನಿಜದ ಮನುಷ್ಯಳಂತೆ ನಡೆಯುತ್ತಾಳೆ. ಏಕೆ?

ಉತ್ತರ: ಸರಿಯಾಗಿ ಗಮನಿಸಿದ್ದೀರಿ. ಅವಳನ್ನು ರೋಟೊಸ್ಕೋಪ್ ಕ್ರಮದಲ್ಲಿ ಬರೆದಿದ್ದಾರೆ: ಮೊದಲು ನಟಿಯ ಅಭಿನಯ ಚಿತ್ರೀಕರಿಸಿ, ಫ್ರೇಮ್ ಫ್ರೇಮಿನ ಮೇಲೆ ಗೆರೆ ಎಳೆಯುವುದು. ತೂಕ, ತಡ, ಗಾಂಭೀರ್ಯ ಅಲ್ಲಿಂದ ಬಂತು. ಕೊಡೆಯ ಕುಳ್ಳ ಓಲೆ ಲುಕೊಯೆಗೆ ಜೀವ ಕೊಟ್ಟವರು ಫ್ಯೋದರ್ ಖಿತ್ರುಕ್, ಮುಂದೆ ತಾವೇ ಹೆಸರಾಂತ ನಿರ್ದೇಶಕರಾದವರು. ಅವನ ಹಗುರ ಕುಣಿತ, ಅವಳ ಭಾರದ ನಡಿಗೆ ಎರಡೂ ಒಂದೇ ಚಿತ್ರದಲ್ಲಿರುವುದರಿಂದಲೇ ರಾಣಿ ಬಂದಾಗ ಮೈ ಜುಮ್ಮೆನ್ನುತ್ತದೆ.